ಹಗಲಲ್ಲಿ ಕತ್ತಲು ಮಾಡಿ ಸಿನಿಮಾ ತೋರಿಸಿದ್ದು

ನಮ್ಮ ಮೊದಲ ವರ್ಷದ ಸಿನಿಮಾ ಹಬ್ಬಕ್ಕೆ ಹದಿನಾಲ್ಕು ಕಂಬಳಿ ಬೇಕಾದವು. ಹಬ್ಬ ನಡೆದದ್ದು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ಸೋಲಿಗ ಆದಿವಾಸಿಗಳ ಹಟ್ಟಿಯಲ್ಲಿ. ಅಲ್ಲಿನ ಸಮುದಾಯ ಭವನದ ಆರು ಕಿಟಕಿ, ಎರಡು ಬಾಗಿಲು, ಗೋಡೆಗೂ ಮಾಡಿಗೂ ನಡುವೆ ಗಾಳಿಗೆಂದು ಬಿಟ್ಟ ಸಂದಿ, ಎಲ್ಲವನ್ನೂ ಮುಚ್ಚಬೇಕಿತ್ತು. ರಾತ್ರಿ ತೋರಿಸಿದ್ದರೆ ಈ ಪಾಡು ಇರುತ್ತಿರಲಿಲ್ಲ. ಆದರೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಕಾಡಿನ ನಡುವಿನ ಜಾಗ. ಸಂಜೆಯಾದರೆ ಚೆಕ್‌ಪೋಸ್ಟ್ ಮುಚ್ಚುತ್ತಾರೆ. ಅದಿರಲಿ, ಪಕ್ಕದ ಪೋಡಿನವರು ಸಿನಿಮಾ ನೋಡಿಕೊಂಡು ರಾತ್ರಿ ನಡೆದು ಹೋಗಬೇಕಾದ ದಾರಿಯಲ್ಲಿ ಆನೆ ನಿಂತಿರುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಹಬ್ಬ, ಕತ್ತಲೆಯೋ ಮನೆಮನೆಯಿಂದ ಕಡ ತಂದ ಕಂಬಳಿಯದು.

ಮೊದಲು ಕರಿ ಟಾರ್ಪಾಲು ಹೊದಿಸಿ ನೋಡಿದ್ದೆವು. ಬೆಳಕೇನೋ ನಿಂತಿತು, ಒಳಗೆ ಮಾತ್ರ ಬೇಯಿಸಿದ ಹಾಗಾಯಿತು. ಕಂಬಳಿ ಉಸಿರಾಡುತ್ತದೆ. ಯಾರಾದರೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಇಷ್ಟು ನೆನಪಿಟ್ಟುಕೊಳ್ಳಿ: ಮೂರು ಸಾವಿರ ಲ್ಯೂಮೆನ್ನಿನಷ್ಟು ಬೆಳಕು ಚೆಲ್ಲುವ ಪ್ರೊಜೆಕ್ಟರು ಹಗಲಲ್ಲಿ ಒಂದು ಸಣ್ಣ ಸಂದಿಯ ಬೆಳಕಿಗೂ ಸೋಲುತ್ತದೆ. ಪರದೆಗೆ ದುಡ್ಡು ಸುರಿಯಬೇಡಿ. ಹಳೇ ಫ್ಲೆಕ್ಸ್ ಬ್ಯಾನರನ್ನು ತಿರುಗಿಸಿ ಬೆನ್ನಿನ ಬಿಳಿ ಭಾಗವನ್ನು ಎಳೆದು ಕಟ್ಟಿದರೆ ಸಾಕು. ನಮ್ಮ ಪರದೆಯ ಹಿಂದುಗಡೆ ಯಾರದೋ ಹುಟ್ಟುಹಬ್ಬದ ಶುಭಾಶಯ ಇತ್ತು.

ನಾನು ಚಾಮರಾಜನಗರದ ಕಡೆ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವನು. ಮೈಸೂರಿನಲ್ಲಿ ಓದುವಾಗ ಫಿಲ್ಮ್ ಸೊಸೈಟಿಯ ಚಟ ಹತ್ತಿತ್ತು. ಕೆಲಸಕ್ಕೆ ಸೇರಿದ ಮೇಲೂ ತಿಂಗಳಿಗೊಂದು ಶನಿವಾರ ಹುಡುಗರಿಗೆ ಏನಾದರೂ ತೋರಿಸುತ್ತಿದ್ದೆ. ಒಂದು ಸಲ ಆದಿವಾಸಿಗಳ ಮೇಲಿನ ಸಾಕ್ಷ್ಯಚಿತ್ರ ಹಾಕಿದಾಗ ಹಿಂದಿನ ಬೆಂಚಿನ ಸೋಲಿಗರ ಹುಡುಗ ಹೊರಗೆ ಬಂದು ಹೇಳಿದ: "ಸಾರ್, ನಮ್ ಪೋಡ್ಗೂ ಬಂದು ಬೇಜಾನ್ ಶೂಟಿಂಗ್ ಮಾಡ್ಕಂಡು ಹೋಗವ್ರ. ನಮ್ ತಾತ ಮೂರರಲ್ಲಿ ಅವ್ನ. ಒಬ್ರೂ ತಂದು ತೋರಿಸ್ನಿಲ್ಲ."

ತಾತ ನಟಿಸಿದ ಮೂರು ಚಿತ್ರ, ತಾತ ನೋಡಿದ್ದು ಸೊನ್ನೆ. ಹಬ್ಬ ಮಾಡಬೇಕೆಂಬ ಯೋಚನೆ ಹುಟ್ಟಿದ್ದು ಅಲ್ಲಿ.

ಜಗತ್ತಿನಲ್ಲಿ ಇದು ಹೊಸದಲ್ಲ ಅನ್ನುವುದು ಓದುತ್ತಾ ಗೊತ್ತಾಯಿತು. ಟೊರಾಂಟೋದಲ್ಲಿ ಮೂಲನಿವಾಸಿಗಳೇ ನಡೆಸುವ ದೊಡ್ಡ ಉತ್ಸವ ಇದೆ. ಕೆನಡಾದ ಉತ್ತರ ತುದಿಯ ಇನುಯಿಟ್ ನಿರ್ದೇಶಕ ಜಕರಾಯಸ್ ಕುನುಕ್ ತನ್ನ ಜನರ ಮಾತಿನಲ್ಲೇ ಮಾಡಿದ ಕಥಾಚಿತ್ರಕ್ಕೆ 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಬಂತು. ನಮ್ಮ ರಾಂಚಿಯಲ್ಲೇ ಒರಾಂವ್ ಆದಿವಾಸಿ ಸಮುದಾಯದ ಬೀಜು ಟೊಪ್ಪೊ, ಮೇಘನಾಥರ ಜೊತೆ ಸೇರಿ 'ಅಖಡಾ' ಎಂಬ ಸಂಸ್ಥೆ ಕಟ್ಟಿಕೊಂಡು ತೊಂಬತ್ತರ ದಶಕದಿಂದ ಚಿತ್ರ ಮಾಡುತ್ತಾ ಬಂದಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಫಿನ್ಲೆಂಡಿನ ಇನಾರಿ ಎಂಬ ಊರಿನ ಸಂಗತಿ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಜನವರಿಯ ಚಳಿಯಲ್ಲಿ ಹಿಮವನ್ನೇ ಕಟ್ಟಿ ಪರದೆ ಮಾಡಿ ಬಯಲಲ್ಲಿ ಸಿನಿಮಾ ನೋಡುತ್ತಾರೆ. ಅವರಿಗೆ ಆ ಕಾಲದಲ್ಲಿ ಕತ್ತಲು ಬೇಕಾದಷ್ಟಿರುತ್ತದೆ. ಕಂಬಳಿಯ ಗಂಟು ಬಿಗಿಯುವಾಗ ಅವರನ್ನು ನೆನೆದು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಮೊದಲ ವರ್ಷ ನಾನು ಮಾಡಿದ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಹನ್ನೊಂದು ಚಿತ್ರಗಳನ್ನು ನಾನೇ ಆರಿಸಿದೆ, ಹೊರಗಿನವರು ಆದಿವಾಸಿಗಳ ಮೇಲೆ ಮಾಡಿದವೇ ಹೆಚ್ಚು. ಒಕ್ಕಲೆಬ್ಬಿಸಿದ್ದು, ಗಣಿ, ಅಣೆಕಟ್ಟು, ಹಸಿವು. ಒಳ್ಳೆಯ ಚಿತ್ರಗಳೇ, ಒಂದೂ ಸುಳ್ಳಲ್ಲ. ಮೂರನೆಯದು ಮುಗಿಯುವ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೇ ಕಂಬಳಿ ಸರಿಸಿಕೊಂಡು ಹೊರಟರು. ಒಬ್ಬೊಬ್ಬರು ಹೊರಟಾಗಲೂ ಪರದೆಯ ಮೇಲೆ ಬಿಸಿಲು ಬೀಳುತ್ತಿತ್ತು. ಊಟದ ಹೊತ್ತಿಗೆ ಪೋಡಿನ ಯಜಮಾನರು ಪಕ್ಕದಲ್ಲಿ ಕೂತು ಮುದ್ದೆ ಮುರಿಯುತ್ತಾ, "ಇದ್ರಲ್ಲಿ ಎಲ್ರೂ ಅಳ್ತಾನೆ ಕೂತವ್ರಲ್ಲ ಮೇಷ್ಟ್ರೆ. ಅವ್ರ ಕಾಡಲ್ಲಿ ಒಂದು ಹಾಡೂ ಇಲ್ವಾ?" ಅಂದರು. ಆಡಿಕೊಳ್ಳುವ ದನಿಯಲ್ಲ, ನಿಜವಾಗಿಯೂ ಗೊತ್ತುಮಾಡಿಕೊಳ್ಳಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಾರೀಕನ್ನೂ ನಾನೇ ಇಟ್ಟಿದ್ದೆ, ಜನವರಿ. ಮೈಸೂರಿನಿಂದ ಬರುವ ಗೆಳೆಯರಿಗೆ ಹವೆ ಚೆನ್ನಾಗಿರುತ್ತದೆ ಅನ್ನುವ ಲೆಕ್ಕ. ಅದು ಕಾಫಿ ಬಿಡಿಸುವ ಕಾಲ, ಪೋಡಿನ ಅರ್ಧ ಜನ ತೋಟದ ಕೂಲಿಗೆ ಹೋಗಿದ್ದರು. ಆಮೇಲೆ ನೆಲ್ಲಿಕಾಯಿ, ಬೇಸಿಗೆಯಲ್ಲಿ ಬೆಂಕಿ ಕಾವಲು, ಅದರ ಬೆನ್ನಿಗೆ ಜೇನು. ಎಲ್ಲರೂ ಮನೆಯಲ್ಲಿರುವ ತಿಂಗಳು ಯಾವುದು ಅಂತ ನಾನು ಕೇಳಿರಲೇ ಇಲ್ಲ. ಕೇಳಿದಾಗ ಸಿಕ್ಕ ಉತ್ತರ, ಆಗಸ್ಟು, ಸುರಿಯುವ ಮಳೆಯಲ್ಲಿ. ಎರಡನೇ ವರ್ಷದಿಂದ ಆಗಸ್ಟಿನಲ್ಲೇ ಮಾಡುತ್ತಿದ್ದೇವೆ. ಆದರೆ ಭವನಕ್ಕೆ ತಗಡಿನ ಮಾಡು. ಮಳೆ ಜೋರಾದರೆ ಪಕ್ಕದವರ ಮಾತೂ ಕೇಳಿಸದು. ಹುಡುಗರು ಮಾಡು ಹತ್ತಿ ಗೋಣಿಚೀಲ ಹಾಸಿ, ಅದರ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದರು. ಮಳೆಯ ಸದ್ದು ಮುಕ್ಕಾಲು ಪಾಲು ಇಳಿಯಿತು. ಸೌಂಡ್ ಎಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಬಂದು ನೋಡಿ ಏನೂ ಹೇಳದೆ ಫೋಟೊ ಹೊಡೆದುಕೊಂಡು ಹೋದ.

ಎರಡನೇ ವರ್ಷ ಆಯ್ಕೆಯನ್ನು ಐದು ಜನರಿಗೆ ಬಿಟ್ಟೆವು. ಯಜಮಾನರು, ಕಾಡುತ್ಪತ್ತಿ ತರುವ ಇಬ್ಬರು ಹೆಂಗಸರು, ಅಂಗನವಾಡಿಯ ಕಾರ್ಯಕರ್ತೆ, ನನ್ನ ಆ ಹಿಂದಿನ ಬೆಂಚಿನ ಹುಡುಗ. ಲ್ಯಾಪ್‌ಟಾಪನ್ನು ಜಗುಲಿಯ ಮೇಲಿಟ್ಟುಕೊಂಡು ನಾಲ್ಕು ಭಾನುವಾರ ನೋಡಿದರು. ಮುದುಮಲೆಯ ಆನೆಮರಿ ಸಾಕುವ ದಂಪತಿಯ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದಿತ್ತಲ್ಲ, ಅದನ್ನು ಹಾಕಿ ಎಂದು ಹೊರಗಿನವರೆಲ್ಲ ಹೇಳುತ್ತಿದ್ದರು. ಹೆಂಗಸರು ಖುಷಿಯಿಂದಲೇ ನೋಡಿದರು, ಮರಿಯ ತುಂಟಾಟಕ್ಕೆ ನಕ್ಕರು. ಹಬ್ಬಕ್ಕೆ ಬೇಡ ಎಂದರು. ಯಾಕೆ ಅಂದರೆ, "ಅದ ಎಲ್ರೂ ನೋಡವ್ರ. ನಮ್ ಹುಡುಗ್ರದ್ದ ಯಾರ್ ನೋಡ್ತಾರ?" ನಾನಾಗಿದ್ದರೆ ಇದಕ್ಕೆ ಎರಡು ಪುಟ ಬರೆಯುತ್ತಿದ್ದೆ.

ಹುಡುಗರದ್ದು ಅನ್ನುವಂಥ ಚಿತ್ರ ಆಗಿನ್ನೂ ಒಂದೂ ಇರಲಿಲ್ಲ. ಹಬ್ಬಕ್ಕೆ ಮೂರು ತಿಂಗಳಿದ್ದಾಗ ಸುತ್ತಲಿನ ಪೋಡುಗಳ ಹನ್ನೆರಡು ಮಂದಿಯನ್ನು ಸೇರಿಸಿ ಫೋನಿನಲ್ಲೇ ಚಿತ್ರ ತೆಗೆಯುವುದನ್ನು ಕಲಿಸಿದೆವು. ಕಲಿಸಿದ್ದು ಕಡಿಮೆ: ಫೋನನ್ನು ಅಡ್ಡ ಹಿಡಿಯಿರಿ, ಮಾತನಾಡುವವರ ಹತ್ತಿರ ಹೋಗಿ, ಗಾಳಿಗೆ ಬೆನ್ನು ಕೊಡಿ. ಏಳು ಚಿತ್ರ ಮುಗಿದವು. ಒಬ್ಬಳು ಕಾಡನ್ನು ಮುತ್ತಿಕೊಂಡ ಲಂಟಾನ ಎಂಬ ಕಳೆಪೊದೆಯ ಮೇಲೆ ಮಾಡಿದಳು. ಸೋಲಿಗರು ಹಿಂದೆ ಚಳಿಗಾಲ ಕಳೆಯುವ ಹೊತ್ತಿಗೆ ನೆಲದ ಒಣಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು, ತರಗು ಬೆಂಕಿ ಅನ್ನುತ್ತಾರೆ. 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು, ಹುಲ್ಲು ಹೋಯಿತು ಎಂಬುದು ಇಲ್ಲಿನ ಹಿರಿಯರ ವಾದ. ಸಂಶೋಧಕರೂ ಇದನ್ನು ಬರೆದಿದ್ದಾರೆ. ಇವಳು ಬರೆಯಲಿಲ್ಲ. ಐದು ನಿಮಿಷ ತನ್ನ ದೊಡ್ಡವ್ವ ಲಂಟಾನದ ಪೊದೆಯಲ್ಲಿ ದಾರಿ ಹುಡುಕುವುದನ್ನು ಹಿಂದಿನಿಂದ ತೋರಿಸಿದಳು, ದೊಡ್ಡವ್ವ ಬೈಯುತ್ತಲೇ ಇರುತ್ತಾಳೆ. ಭವನವೆಲ್ಲ ಬಿದ್ದು ಬಿದ್ದು ನಕ್ಕಿತು.

ಇನ್ನೊಂದು ಚಿತ್ರದ ಬಗ್ಗೆ ನಾನೂ ಆ ಹುಡುಗನೂ ಜಗಳವಾಡಿದೆವು. ಅವನು ತಾತನ ಜೊತೆ ಹಳೇ ಪೋಡಿಗೆ ಹೋಗಿದ್ದ. ಎಪ್ಪತ್ತರ ದಶಕದಲ್ಲಿ ಅಲ್ಲಿಂದ ಎಬ್ಬಿಸಿ ರಸ್ತೆ ಬದಿಗೆ ತಂದ ಮೇಲೆ ಅಲ್ಲಿ ಮನೆಗಳಿಲ್ಲ. ತಾತ ಮುಂದೆ, ಹುಡುಗ ಫೋನು ಹಿಡಿದು ಹಿಂದೆ. ಹನ್ನೊಂದು ನಿಮಿಷ, ಒಂದೇ ಶಾಟು, ಕಾಣುವುದು ತಾತನ ಬೆನ್ನು, ಹೆಗಲ ಮೇಲಿನ ಕೊಡಲಿ. ನಾನು ಮೂರು ನಿಮಿಷಕ್ಕೆ ಇಳಿಸು ಎಂದೆ. ಫಿಲ್ಮ್ ಸೊಸೈಟಿಯ ಬುದ್ಧಿ. ಅವನು, "ಕತ್ತರಿಸಿದ್ರ ದಾರಿ ಹೆಂಗ ಗೊತ್ತಾಯ್ತದ ಸಾರ್?" ಎಂದ. ಗೊತ್ತಾಗಬೇಕಾದ್ದು ದಾರಿಯಲ್ಲ, ಭಾವ ಎಂದೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ, ಸಿಟ್ಟಿನಲ್ಲೇ ಹಾಗೇ ಇರಲಿ ಎಂದು ಬಿಟ್ಟೆ.

ಹಬ್ಬದ ದಿನ ಆ ಹನ್ನೊಂದು ನಿಮಿಷದಲ್ಲಿ ನಡೆದದ್ದನ್ನು ನಾನು ಯಾವ ಚಿತ್ರಮಂದಿರದಲ್ಲೂ ಕಂಡಿಲ್ಲ. ಮೊದಲ ತಿರುವಿನಲ್ಲೇ ಒಬ್ಬ ಅಜ್ಜಿ ಒಂದು ಕಲ್ಲಿನ ಹೆಸರು ಕೂಗಿದಳು. ಹಿಂದಿನಿಂದ ಇನ್ನೊಬ್ಬರು, ಅಲ್ಲ, ಆ ಕಲ್ಲು ಇನ್ನೂ ಮುಂದೆ ಎಂದರು. ಹಳ್ಳ ದಾಟುವಾಗ ಮೂರು ನಾಲ್ಕು ಮಂದಿ ಒಟ್ಟಿಗೆ ಅದರ ಹೆಸರು ಹೇಳಿದರು. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅವರವರ ದೇವರ ಜಾಗಗಳಿವೆ. ಅದು ಎದುರಾಗುತ್ತದೆ ಅಂದಾಗ ಆ ಕುಲದವರು ಕೂತಲ್ಲೇ ಕೈ ಮುಗಿದರು. ಪರದೆಯ ಮೇಲೆ ಆಗಲೂ ಬರಿಯ ಗಿಡ, ತಾತನ ಬೆನ್ನು. ನಾನು ಕತ್ತರಿಸು ಎಂದಿದ್ದು ಇದನ್ನೇ. ಮುಗಿದ ಮೇಲೆ ಹುಡುಗ ನನ್ನ ಕಡೆ ತಿರುಗಿ ನೋಡಲಿಲ್ಲ, ಪುಣ್ಯ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಹೊರಗಿನ ಚಿತ್ರಗಳಿಗೆಲ್ಲ ಇಂಗ್ಲಿಷ್ ಉಪಶೀರ್ಷಿಕೆ. ಕನ್ನಡಕ್ಕೆ ಮಾಡಿ ಹಾಕಿದರೂ ಹಿರಿಯರಿಗೆ ಓದು ಬಾರದು, ಬಂದವರಿಗೂ ಆ ವೇಗ ಹಿಡಿಯದು. ಅಂಗನವಾಡಿಯ ಆಕೆ ಮೈಕ್ ಹಿಡಿದು ಪರದೆಯ ಪಕ್ಕ ನಿಂತು ಸೋಲಿಗ ನುಡಿಯಲ್ಲಿ ಕತೆ ಹೇಳಲು ಒಪ್ಪಿದರು. ಒಂದೊಂದು ಚಿತ್ರವನ್ನೂ ಮನೆಯಲ್ಲಿ ನಾಲ್ಕೈದು ಸಲ ನೋಡಿ ತಯಾರಾಗಿ ಬರುತ್ತಾರೆ. ಪ್ರತಿ ಮಾತನ್ನೂ ಅನುವಾದಿಸುವುದಿಲ್ಲ. ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಗೊತ್ತು. ಮಧ್ಯೆ ತಮ್ಮದೇ ಒಂದು ಟೀಕೆ ಸೇರಿಸುವುದೂ ಉಂಟು: "ಈಗ ನೋಡಿ, ಇವ್ನು ಸುಳ್ಳು ಹೇಳ್ತಾನ."

ಜಾರ್ಖಂಡಿನ ಒರಾಂವ್ ಹುಡುಗನೊಬ್ಬ ಕುಡುಖ್ ಮಾತಿನಲ್ಲಿ ಮಾಡಿದ ಕಿರುಚಿತ್ರ ಹಾಕಿದ ದಿನ ಆಕೆ ಅರ್ಧಕ್ಕೆ ಮೈಕ್ ಇಳಿಸಿದರು. ಕುಡುಖ್ ನಮ್ಮದೇ ದ್ರಾವಿಡ ಬಳಗದ ಮಾತು, ನೂರಾರು ಮೈಲಿ ಬಡಗಣಕ್ಕೆ ಉಳಿದುಕೊಂಡದ್ದು. 'ನೀನು' ಎನ್ನಲು ಅವರು 'ನೀನ್' ಅನ್ನುತ್ತಾರೆ, ಬಾಯಿಗೆ 'ಬಈ', ಕಿಚ್ಚಿಗೆ 'ಚಿಚ್ಚ್', ಬರುವುದಕ್ಕೆ 'ಬರ್' ಅನ್ನುವುದೇ ಧಾತು. ಒರಾಂವರ ಹಿರಿಯರು ಕರ್ನಾಟಕದ ಕಡೆಯಿಂದ ಹೋದವರು ಎಂಬ ಐತಿಹ್ಯ ಹಳೆಯ ಪುಸ್ತಕಗಳಲ್ಲಿದೆ. ನಿಜವೋ ಸುಳ್ಳೋ, ಚಿತ್ರದ ಅಮ್ಮ ಮಗನಿಗೆ 'ನೀನ್' ಎಂದಾಗ ಮುಂದೆ ಕೂತ ಅಜ್ಜಿ ಪಕ್ಕದವಳ ತೊಡೆ ತಟ್ಟಿ, "ನಮ್ ಮಾತಾಡ್ತಾಳ ಕನಮ್ಮಿ!" ಎಂದದ್ದು ಇಡೀ ಭವನಕ್ಕೆ ಕೇಳಿಸಿತು. ಅಲ್ಲಿಂದ ಮುಂದಕ್ಕೆ ಎಲ್ಲರೂ ಪದ ಹಿಡಿಯುವ ಆಟಕ್ಕೆ ಇಳಿದರು. ಕತೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ಆದ್ದರಿಂದ ಊಟವಾದ ಮೇಲೆ ಮತ್ತೊಮ್ಮೆ ಹಾಕಬೇಕಾಯಿತು.

ಒಂದು ಚಿತ್ರವನ್ನು ತಡೆಹಿಡಿದದ್ದೂ ಇದೆ. ಹುಡುಗಿಯೊಬ್ಬಳು ಅಜ್ಜಿ ಕೊಡುವ ಮದ್ದನ್ನು ಚಿತ್ರಿಸಿದ್ದಳು. ಬೇರು ಅಗೆಯುವುದರಿಂದ ಅರೆದು ಕುಡಿಸುವವರೆಗೆ, ಏಳು ಚಿತ್ರಗಳಲ್ಲಿ ಅದೇ ಚೆಂದ. ಆಯ್ಕೆಯ ಕಟ್ಟೆಯಲ್ಲಿ ಹಿರಿಯರು ಬೇಡ ಎಂದರು. ಎಲೆ ಕಂಡರೆ ಗಿಡ ಗೊತ್ತಾಗುತ್ತದೆ, ಗಿಡ ಗೊತ್ತಾದರೆ ಮೂಟೆ ಕಟ್ಟುವವರು ಬರುತ್ತಾರೆ. ಹುಡುಗಿ ಅತ್ತಳು. ನಾನು ಅವಳ ಪರ ಮಾತನಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೆ ಅವಳೇ ಮತ್ತೆ ಕೂತು ಎಲೆ, ಬೇರು, ಜಾಗ ಕಾಣುವ ಭಾಗವನ್ನೆಲ್ಲ ತೆಗೆದಳು. ಉಳಿದದ್ದು ಅರೆಯುವ ಕೈ, ಅಜ್ಜಿಯ ಮಾತು, ಕುಡಿದ ಮಗು ಮುಖ ಹಿಂಡುವುದು. ಮೊದಲಿನದಕ್ಕಿಂತ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಮೊದಲಿನದು ಇನ್ನೂ ಚೆನ್ನಾಗಿತ್ತು. ಆದರೆ ತೋರಿಸುವ ಹಕ್ಕು ಅದರ ಚೆಂದದಿಂದ ಬರುವಂಥದ್ದಲ್ಲ.

ಇದರಿಂದಾಗಿ ಒಂದು ಕಟ್ಟುಪಾಡು ಮಾಡಿಕೊಂಡೆವು: ಪೋಡಿನ ಚಿತ್ರಗಳು ಯೂಟ್ಯೂಬಿಗೆ ಹೋಗುವುದು ಗ್ರಾಮಸಭೆ ಒಪ್ಪಿದರೆ ಮಾತ್ರ, ಮೂಲ ಪ್ರತಿ ಪೋಡಿನಲ್ಲೇ ಇರಬೇಕು. ಕಾಡಿನ ಮೇಲಿನ ಸಮುದಾಯ ಹಕ್ಕನ್ನು 2011ರಲ್ಲಿ ಪಡೆದುಕೊಂಡ ಜನ ಇವರು. ಹಕ್ಕಿನ ಕಾಗದ ಹೇಗೆ ಬರೆಯಬೇಕೆಂದು ನಾನು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಒಂದು ಸಲ ಎಡವಿದೆವು. ಹೊರಗಿನಿಂದ ಬಂದಿದ್ದ ಒಬ್ಬರು ಪರದೆಯನ್ನೇ ಫೋನಿನಲ್ಲಿ ಚಿತ್ರಿಸಿಕೊಂಡು ಜಾಲತಾಣಕ್ಕೆ ಹಾಕಿಬಿಟ್ಟರು, ಕೆಳಗೆ 'ಮುಗ್ಧ ಕಾಡಿನ ಮಕ್ಕಳು' ಎಂಬ ಒಕ್ಕಣೆ ಬೇರೆ. ತೆಗೆಸಲು ನಾಲ್ಕು ದಿನ ಹಿಡಿಯಿತು. ಈಗ ಹೊರಗಿನವರ ಫೋನುಗಳು ಬಾಗಿಲಲ್ಲಿ ಒಂದು ಮಂಕರಿಯಲ್ಲಿ ಕೂರುತ್ತವೆ, ನನ್ನದೂ ಸೇರಿ.

ದುಡ್ಡಿನ ಮಾತು ಚಿಕ್ಕದು. ಕಳೆದ ಸಲದ ಎರಡು ದಿನಕ್ಕೆ ಅರವತ್ತನಾಲ್ಕು ಸಾವಿರ ಆಯಿತು, ಅದರಲ್ಲಿ ಹೆಚ್ಚಿನ ಪಾಲು ಊಟ ಮತ್ತು ಜೀಪಿನ ಬಾಡಿಗೆ. ರಾಗಿಯನ್ನು ಮನೆಗಿಷ್ಟು ಎಂದು ಪೋಡಿನವರೇ ಹಾಕುತ್ತಾರೆ. ದೊಡ್ಡ ಕಂಪನಿಯೊಂದು ಪೂರ್ತಿ ಖರ್ಚು ಕೊಡುತ್ತೇನೆಂದು ಬಂದಿತ್ತು, ಉದ್ಘಾಟನೆಗೆ ಸೋಲಿಗರು ಕುಣಿಯಬೇಕು ಎಂಬ ಷರತ್ತಿನ ಮೇಲೆ. ಕುಣಿತ ನಮ್ಮಲ್ಲಿ ಆಗುತ್ತದೆ, ಕೊನೆಗೆ, ಯಾರೂ ಹೇಳದೆ. ಕಂಪನಿಯವರಿಗೆ ಹಾಗಾದರೆ ಒಪ್ಪಿಗೆಯಿಲ್ಲವಂತೆ.

ಪ್ರಶಸ್ತಿ ಇಟ್ಟಿಲ್ಲ. ಮೈಸೂರಿನ ಗೆಳೆಯರು ಇಡಿ, ಪತ್ರಿಕೆಯಲ್ಲಿ ಬರುತ್ತದೆ ಅನ್ನುತ್ತಲೇ ಇದ್ದಾರೆ. ಇಟ್ಟರೆ ಹುಡುಗರು ನನ್ನಂಥವರ ಕಣ್ಣಿಗೆ ಚಿತ್ರ ಮಾಡಲು ಶುರುಮಾಡುತ್ತಾರೆ ಎಂಬ ಹೆದರಿಕೆ ನನಗೆ.

ಪ್ರೊಜೆಕ್ಟರು, ಸ್ಪೀಕರು, ಬ್ಯಾಟರಿ ಈಗ ಪೋಡಿನಲ್ಲೇ ಇವೆ, ಬೀಗದ ಕೈ ಅಂಗನವಾಡಿಯವರ ಹತ್ತಿರ. ಮೊನ್ನೆ ಅವರ ಫೋನು ಬಂತು. ಈ ವರ್ಷದ ತಾರೀಕು ಗೊತ್ತುಮಾಡಿದ್ದಾರೆ, ಚಿತ್ರಗಳ ಪಟ್ಟಿಯೂ ಆಗಿದೆ, ಈ ಸಲ ಎಚ್.ಡಿ. ಕೋಟೆ ಕಡೆಯ ಜೇನು ಕುರುಬರ ಹಾಡಿಯ ಹುಡುಗರೂ ಬರುತ್ತಾರಂತೆ. ಪಟ್ಟಿ ಕಳಿಸಿ, ನೋಡುತ್ತೇನೆ ಎಂದೆ. "ನೋಡೋದೇನಿಲ್ಲ ಮೇಷ್ಟ್ರೆ, ಬನ್ನಿ. ಬರಾಗ ಇಪ್ಪತ್ ಮೀಟ್ರು ವೈರು, ಆಮೇಲ ಎರಡ್ ಕಂಬ್ಳಿ ತಕ್ಕಂಡ್ ಬನ್ನಿ. ಹಿಂದ್ಗಡ ಕಿಟಕಿದು ಇಲಿ ತಿಂದದ."