ಬರೀ ಅಡುಗೆ ಸೋಡಾದಲ್ಲಿ ಬಿಡಿಸಿದ ಟ್ರೈಲೊಬೈಟ್ ಕಣ್ಣು

ಟ್ರೈಲೊಬೈಟ್ ಅಂದರೆ ಎಂದೋ ಅಳಿದುಹೋದ ಸಮುದ್ರಜೀವಿ. ಅದರ ಪಳೆಯುಳಿಕೆಯನ್ನು ಕಲ್ಲಿನಿಂದ ಬಿಡಿಸಲು ಗಾಳಿಯ ಜೊತೆ ಪುಡಿ ಚಿಮ್ಮಿಸುತ್ತೇವೆ. ಡಾಲೊಮೈಟ್ ಅನ್ನುವ ಖನಿಜದ ಪುಡಿ ಇಲ್ಲದೆ ವಿಂಡಮ್ ಶೇಲ್ ಅನ್ನುವ ಜೇಡಿಗಲ್ಲು ಬಿಡುವುದೇ ಇಲ್ಲ ಅಂತ ಈ ಕೆಲಸದ ಹಳಬರೆಲ್ಲ ಹೇಳುತ್ತಿದ್ದರು. ಬಿಟ್ಟಿದೆ. ಬರೀ ಅಡುಗೆ ಸೋಡಾದಲ್ಲಿ, ಅದೂ ಒಂದು ಲೆನ್ಸೂ ಸವೆಯದೆ.

ಕಲ್ಲು ಅಮೆರಿಕದ ಬಫಲೋ ಪಕ್ಕದ ಹ್ಯಾಂಬರ್ಗ್‌ನ ಪೆನ್ ಡಿಕ್ಸಿಯದು. ಹಳೇ ಸಿಮೆಂಟ್ ಕಂಪನಿಯ ಕ್ವಾರಿ, ಟಿಕೆಟ್ ತಗೊಂಡರೆ ಸಿಕ್ಕಿದ್ದು ನಮ್ಮದು. ಅಲ್ಲಿ ಸಿಗುವ ಟ್ರೈಲೊಬೈಟ್ ಜಾತಿ ಎಲ್ಡ್ರೆಡ್ಜಾಪ್ಸ್ ರಾನಾ, ಸುಮಾರು 38 ಕೋಟಿ ವರ್ಷ ಹಳೆಯದು. ಮೈ ಬಿಡಿಸುವುದು ಕಷ್ಟವಲ್ಲ, ಪುಟ್ಟ ಪುಟ್ಟ ಲೆನ್ಸುಗಳ ಸಾಲಿನ ಕಣ್ಣೇ ತಲೆನೋವು. ಚಿಪ್ಪು, ಲೆನ್ಸ್ ಎರಡೂ ಕ್ಯಾಲ್ಸೈಟ್ ಖನಿಜ, ಮೋಸ್ ಅಳತೆಯಲ್ಲಿ ಗಡಸುತನ 3. ಡಾಲೊಮೈಟ್ 3.5ರಿಂದ 4. ಲೆನ್ಸ್ ನಡುವಿನ ಮಣ್ಣು ಹೋಗುವಷ್ಟರಲ್ಲಿ ಲೆನ್ಸಿನ ನೆತ್ತಿಯೂ ಚಪ್ಪಟೆ. ಸೋಡಾ 2.5 ಅಷ್ಟೇ.

ಪುಡಿ ಚಿಮ್ಮಿಸುವ ಹೊಸ ಮಷೀನಿಗೆ ಸಾವಿರಾರು ಡಾಲರ್. ನಾನು ಹಲ್ಲಿನ ಡಾಕ್ಟರೊಬ್ಬರು ಬಳಸಿದ್ದನ್ನು 400 ಚಿಲ್ಲರೆಗೆ ತಂದೆ. ಕಂಪ್ರೆಸರ್‌ಗೆ ಇನ್ನೊಂದು 200. ಆದರೂ ಮೊದಲ ಬೇಸಿಗೆ ಪೂರ್ತಿ ದಂಡ. ಗಾಳಿಯ ತೇವಕ್ಕೆ ಸೋಡಾ ಗಂಟು ಕಟ್ಟಿ ನಳಿಕೆ ಮುಚ್ಚಿಕೊಳ್ಳುತ್ತಿತ್ತು. ಐದು ನಿಮಿಷ ಕೆಲಸ, ಅರ್ಧ ಗಂಟೆ ಸೂಜಿ ಹಾಕಿ ಕೆದಕುವುದು. ಓವನ್‌ನಲ್ಲಿ ಒಣಗಿಸಿ ಅಂದವರೂ ಇದ್ದರು. ಬಿಸಿ ಜಾಸ್ತಿಯಾದರೆ ಅದು ವಾಷಿಂಗ್ ಸೋಡಾ ಆಗಿಬಿಡುತ್ತದೆ, ಅಲ್ವಾ? ಪುಡಿಯನ್ನು ಸಿಲಿಕಾ ಜೆಲ್ ಜೊತೆ ಇಟ್ಟು, ಗಾಳಿಯ ಪೈಪಿಗೆ ಡ್ರೈಯರ್ ಹಾಕಿದ ಮೇಲೆ ಕಾಟ ನಿಂತಿತು. ಒತ್ತಡ 15–20 ಪಿಎಸ್ಐ. ನಳಿಕೆಗೆ ಮಾಡಿಕೊಂಡ ಚಿಕ್ಕ ಬದಲಾವಣೆ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸುಮ್ನೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರವನ್ನು ಕಲ್ಲಿನ ಮೇಲೆ ಇಟ್ಟೂ ನೋಡಿದೆ. ಜೇಡಿ ಮೆತ್ತಗಾಯಿತು, ನಿಜ. ಆದರೆ ಎಷ್ಟು ತೊಳೆದರೂ ಬಿಳಿ ಪೊರೆ ಮತ್ತೆ ಮತ್ತೆ ಬರುತ್ತಿತ್ತು. ಬಿಟ್ಟೆ.

ಒಂದು ಕಣ್ಣಿಗೆ ಎಂಟು ಹತ್ತು ಗಂಟೆ ಹಿಡಿಯುತ್ತದೆ. ಡಾಲೊಮೈಟಿನಲ್ಲಾದರೆ ಎರಡೇ ಗಂಟೆ, ಒಪ್ಪಿದೆ. ಆದರೆ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು! ಬೆಂದ ಸಾಬಕ್ಕಿಯ ಹಾಗೆ ಒಂದೊಂದು ಲೆನ್ಸೂ ಬಿಡಿಬಿಡಿ, ನಡುವೆ ಗೋಡೆ. ಮೇಲಿಂದ ಕೆಳಗೆ ನಿಂತ ಲೆನ್ಸಿನ ಸಾಲು ಎಣಿಸಿದೆ, 17. ಪಳೆಯುಳಿಕೆ ವಿಜ್ಞಾನಿ ನೈಲ್ಸ್ ಎಲ್ಡ್ರೆಡ್ಜ್ ತಲೆ ಕೆಡಿಸಿಕೊಂಡಿದ್ದೂ ಈ ಸಾಲುಗಳಿಗೇ. ಈ ವಂಶದಲ್ಲಿ 18 ಸಾಲು ಇದ್ದದ್ದು 17 ಆಗಿದ್ದು ನಿಧಾನಕ್ಕಲ್ಲ, ಥಟ್ಟನೆ ಎಂದು ಕಂಡ ಮೇಲೆಯೇ 1972ರಲ್ಲಿ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಜೊತೆ ಸೇರಿ ವಿಕಾಸದ ಹೊಸ ವಾದ ಹೂಡಿದ್ದು. ಸವೆದ ಕಣ್ಣಿನಲ್ಲಿ ಅಂಚಿನ ಸಾಲು ಲೆಕ್ಕಕ್ಕೇ ಸಿಗುವುದಿಲ್ಲ.

ಉಂಡೆಯಾಗಿ ಸುತ್ತಿಕೊಂಡವನ್ನೂ ಬಿಡಿಸಿದೆ. ಹೊಟ್ಟೆ, ಕಾಲು ಎಲ್ಲ ಒಳಗೆ, ಕಣ್ಣೆರಡು ಮಾತ್ರ ಹೊರಗೆ. ಬಾಗಿಲು ಹಾಕಿಕೊಂಡೂ ಸುತ್ತ ನೋಡಬಹುದಿತ್ತು. ಈಗ ಹಳಬರಲ್ಲೇ ಒಬ್ಬರು ತಮ್ಮ ಕಲ್ಲು ಕಳಿಸಿದ್ದಾರೆ. ಗಂಟೆಗೆ 30 ಡಾಲರ್ ಅಂದಿದ್ದೇನೆ.