ಲ್ಯಾಟಿನ್ ಪೆಟ್ಟಿಗೆಯಲ್ಲಿದ್ದ ಕನ್ನಡ

ನಮ್ಮೂರಿನ ಗ್ರಂಥಾಲಯವೊಂದರ ಪುಸ್ತಕ ಪಟ್ಟಿಯನ್ನು ಹಳೇ ಹೋಸ್ಟಿಂಗ್‌ನಿಂದ ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. 14 ಸಾವಿರ ಚಿಲ್ಲರೆ ಪುಸ್ತಕ. ಡಂಪ್ ಫೈಲ್, ಅಂದರೆ ಡೇಟಾಬೇಸನ್ನೆಲ್ಲ ಬರೆದಿಟ್ಟ ಫೈಲ್, ಹತ್ತು ಎಂಬಿಯೂ ಇಲ್ಲ. ಭಾನುವಾರ ಬೆಳಿಗ್ಗೆ ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ ಅಂದುಕೊಂಡೆ. ಮುಗಿದದ್ದು ಅದರ ಮುಂದಿನ ಭಾನುವಾರ.

ಶುರುವಿನ ಕೆಲಸ ಸಲೀಸಾಗಿಯೇ ಆಯಿತು. ಹಿಂದಿನ ದಿನವೇ, ಸೈಟಿನ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನ ಟಿಟಿಎಲ್ ಅನ್ನು, ಅಂದರೆ ಹಳೇ ವಿಳಾಸ ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದ್ದೆ. ಹಳೇ ಸೈಟಿನಲ್ಲಿ ಹೊಸ ಪುಸ್ತಕ ಸೇರಿಸದಂತೆ ಬೀಗ ಹಾಕಿ, ಡಂಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿ, ಫೈಲನ್ನು ಹೊಸ ಕಡೆ ಏರಿಸಿದೆ. ಸಾಲುಗಳನ್ನು ಎಣಿಸಿದರೆ ಎರಡೂ ಕಡೆ ಒಂದೇ ಲೆಕ್ಕ. ಡಿಎನ್‌ಎಸ್ ಬದಲಿಸುವ ಮುಂಚೆ ನನ್ನ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಿನಲ್ಲಿ (ಕಂಪ್ಯೂಟರ್ ಮೊದಲು ನೋಡುವ ತನ್ನದೇ ವಿಳಾಸ ಪಟ್ಟಿ) ಮಾತ್ರ ಹೊಸ ಐಪಿ ಹಾಕಿ ಸೈಟ್ ತೆರೆದೆ. ಇದೊಂದು ಬುದ್ಧಿವಂತಿಕೆ ಮಾಡಿದ್ದಕ್ಕೆ ಮಾನ ಉಳಿಯಿತು.

ಪುಸ್ತಕಗಳ ಹೆಸರಿನ ಜಾಗದಲ್ಲಿ ಬರೀ ಕಸ. ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟ್ಟ 2, ಆಮೇಲೆ ಏನೋ ಒಂದು ಚಿಹ್ನೆ. ಮತ್ತೆ ಅದೇ ಎ, ಈ ಸಲ ಪುಟ್ಟ 3. ಈ ರೂಪ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಕನ್ನಡವೇ. ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಹದಿನಾರರ ಲೆಕ್ಕದಲ್ಲಿ ಬರೆದರೆ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. ಅವನ್ನೇ ಲ್ಯಾಟಿನ್, ಅಂದರೆ ಒಂದು ಬೈಟಿಗೆ ಒಂದು ಯುರೋಪಿನ ಅಕ್ಷರ, ಅಂತ ಓದಿದರೆ ಆ ಎ, ಆ 2, ಆ 3 ಬರುತ್ತವೆ.

ಹಾಗಾದರೆ ಇಷ್ಟು ವರ್ಷ ಹಳೇ ಸೈಟಿನಲ್ಲಿ ಸರಿಯಾಗಿ ಕಾಣಿಸುತ್ತಿತ್ತಲ್ವಾ? ಕಾಣಿಸುತ್ತಿತ್ತು, ಎರಡು ತಪ್ಪು ಸೇರಿ ಒಂದು ಸರಿಯಾಗಿತ್ತು. ಅಲ್ಲಿದ್ದ ಡೇಟಾಬೇಸ್ ಮೈಎಸ್‌ಕ್ಯೂಎಲ್ 5.5. ಅದರ ಟೇಬಲ್ಲೂ ಲ್ಯಾಟಿನ್1, ಸೈಟ್ ನಡೆಸುವ ಪಿಎಚ್‌ಪಿಯ ಕನೆಕ್ಷನ್ನೂ ಲ್ಯಾಟಿನ್1. ಹಾಗಾಗಿ ಬೈಟುಗಳು ಬಂದ ಹಾಗೇ ಒಳಗೆ ಹೋಗಿ, ಹೋದ ಹಾಗೇ ಹೊರಗೆ ಬರುತ್ತಿದ್ದವು. ನಾನು ಡಂಪ್ ತೆಗೆದಾಗ ಅದು ಲ್ಯಾಟಿನ್ ಅಂತಲೇ ನಂಬಿ ಇನ್ನೊಮ್ಮೆ ಯುಟಿಎಫ್-8 ಮಾಡಿಬಿಟ್ಟಿತು. ಹೊಸ ಕಡೆ ಇದ್ದದ್ದು 8.0. 2018ರಲ್ಲಿ ಬಂದ ಆ ಆವೃತ್ತಿಯಿಂದ ಯುಟಿಎಫ್8ಎಂಬಿ4, ಅಂದರೆ ಪೂರ್ತಿ ಯುಟಿಎಫ್-8, ತಾನಾಗಿಯೇ ಇರುತ್ತದೆ. ಅದು ಕೊಟ್ಟದ್ದನ್ನು ಕೊಟ್ಟ ಹಾಗೇ ತೋರಿಸಿತು, ಪಾಪ.

ಇಲ್ಲಿ ನಾನು ದಾರಿ ತಪ್ಪಿದೆ. ಕೆಟ್ಟ ಡಂಪನ್ನೇ ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಹಾಕಿ ತಿರುಗಿಸಿದರೆ ಆಯಿತು ಅಂದುಕೊಂಡು ಸಿಪಿ1252ಗೆ (ವಿಂಡೋಸಿನ ಲ್ಯಾಟಿನ್) ಬದಲಿಸಲು ಹೊರಟೆ. ಮೊದಲ ಒತ್ತಕ್ಷರದಲ್ಲೇ ನಿಂತಿತು. ಆಗದ ಚಿಹ್ನೆಗಳನ್ನು ಬಿಟ್ಟು ಮುಂದೆ ಹೋಗು ಅಂತ ಹೇಳುವ ಸ್ವಿಚ್ ಒಂದಿದೆ, ಅದನ್ನು ಹಾಕಿದೆ. ಓಡಿತು. ಆದರೆ 'ಕನ್ನಡ'ದ ನಡುವೆ ಕಪ್ಪು ಪ್ರಶ್ನಾರ್ಥಕ ಚಿಹ್ನೆ! ಒತ್ತಕ್ಷರ ಕಟ್ಟುವ ಹಲಂತದ ಮೂರನೇ ಬೈಟ್ 8ಡಿ. ಸಿಪಿ1252ರಲ್ಲಿ ಐದು ಬೈಟುಗಳ ಮನೆ ಖಾಲಿ, ಅದರಲ್ಲಿ 8ಡಿ ಒಂದು. ಏ, ಐ, ಝ ಕೂಡ ಇದೇ ಕಾರಣಕ್ಕೆ ಮಣ್ಣಾಗಿದ್ದವು. ಒತ್ತಕ್ಷರವೇ ಇಲ್ಲದ ಕನ್ನಡ ಯಾರಿಗೆ ಬೇಕು?

ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಮಾತ್ರ ಆ ಐದು ಮನೆಗಳನ್ನೂ ಬಿಡದೆ ಇಟ್ಟುಕೊಳ್ಳುತ್ತದೆ. ಅಂದರೆ ಹಳೇ ಸರ್ವರ್‌ನಲ್ಲಿ ಏನೂ ಕಳೆದಿರಲಿಲ್ಲ. ಡಂಪ್ ತೆಗೆಯುವ ಕ್ರಮವಷ್ಟೇ ತಪ್ಪು. ಎರಡನೇ ಸಲ ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಅಂತ ಕೊಟ್ಟು, ಸ್ಕಿಪ್-ಸೆಟ್-ಚಾರ್‌ಸೆಟ್ (ಫೈಲ್ ಯಾವ ಕ್ಯಾರೆಕ್ಟರ್ ಸೆಟ್ಟಿನದು ಅಂತ ಬರೆಯಬೇಡ ಅನ್ನುವ ಸ್ವಿಚ್) ಸೇರಿಸಿ ತೆಗೆದೆ. ಫೈಲ್ ತೆರೆದರೆ ಅಚ್ಚಗನ್ನಡ. ಟೇಬಲ್ ಕಟ್ಟುವ ಸಾಲುಗಳಲ್ಲಿ ಲ್ಯಾಟಿನ್1 ಇದ್ದ ಕಡೆಯೆಲ್ಲ ಯುಟಿಎಫ್8ಎಂಬಿ4 ಅಂತ ತಿದ್ದಿದೆ. ಅದನ್ನೂ ಎಲ್ಲ ಕಡೆ ಕಣ್ಣುಮುಚ್ಚಿ ಬದಲಿಸಬೇಡಿ, ಪುಸ್ತಕದ ವಿವರಣೆಯಲ್ಲೂ ಆ ಪದ ಇದ್ದೀತು.

ಏರಿಸುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆ. ಐಕಾನ್ವ್‌ಗೆ ಯುಟಿಎಫ್-8ರಿಂದ ಯುಟಿಎಫ್-8ಗೇ ಬದಲಿಸು ಅಂತ ಹೇಳಿದರೆ, ಮುರಿದ ಬೈಟ್ ಸಿಕ್ಕಲ್ಲಿ ನಿಲ್ಲುತ್ತದೆ. ನಿಂತಿತು. ನೋಡಿದರೆ ಪುಸ್ತಕದ ಹೆಸರೊಂದು ಅರ್ಧ ಅಕ್ಷರಕ್ಕೆ ಕತ್ತರಿಸಿತ್ತು. ಹೆಸರಿನ ಕಾಲಂ ವಾರ್‌ಚಾರ್ 100. ಅಂದರೆ ಹೆಚ್ಚೆಂದರೆ ನೂರು ಅಕ್ಷರ. ಲ್ಯಾಟಿನ್ ಲೆಕ್ಕದಲ್ಲಿ ನೂರು ಅಕ್ಷರವೆಂದರೆ ನೂರೇ ಬೈಟ್. ಕನ್ನಡಕ್ಕೆ ಅದು 33 ಚಿಹ್ನೆ, ಕಾಗುಣಿತ ಒತ್ತು ಎಲ್ಲ ಸೇರಿ. ಉದ್ದದ ಹೆಸರು ಕೊಟ್ಟರೆ ಹಳೇ ಸರ್ವರ್ ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸಿ ಹಾಕುತ್ತಿತ್ತು. ಹಳೇ ಟೇಬಲ್ಲಿನಲ್ಲಿ ಹೆಸರಿನ ಉದ್ದ ಸರಿಯಾಗಿ 100 ಬೈಟ್ ಇರುವ ಸಾಲುಗಳನ್ನು ಹುಡುಕಿದೆ. 212 ಸಿಕ್ಕವು.

ಗ್ರಂಥಪಾಲಕಿಗೆ ಅಳುಕುತ್ತಲೇ ಫೋನ್ ಮಾಡಿದೆ. "ಮೇಡಂ, ಕೆಲವು ಹೆಸರು ಅರ್ಧಕ್ಕೆ ನಿಂತಿವೆ."

"ಅಯ್ಯೋ ಸರ್, ಅದು ಮೊದಲಿಂದಲೂ ಹಾಗೇ. ಜಾಗ ಸಾಲಲ್ಲ ಅಂತ ನಾವೇ ಸುಮ್ನಿದ್ವಿ," ಅಂದರು.

ಅರ್ಧ ಅಕ್ಷರದ ಬಾಲಗಳನ್ನು ಕತ್ತರಿಸಿ ಫೈಲನ್ನು ಏರಿಸಿದೆ. ಡಿಎನ್‌ಎಸ್ ಬದಲಿಸಿದೆ. ಹಳೇ ಹೋಸ್ಟಿಂಗನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಿ ಅಂತ ಹೇಳಿದೆ. ಆ 212ರ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಮೇಡಂ ಮರದ ಡಬ್ಬಿಯಿಂದ ಹಳೇ ಕಾರ್ಡುಗಳನ್ನು ತೆಗೆದು, ದಿನಕ್ಕೆ ಇಪ್ಪತ್ತರಂತೆ ಪೂರ್ತಿ ಹೆಸರು ಟೈಪ್ ಮಾಡುತ್ತಿದ್ದಾರೆ.