ನಗರಸಭೆ ಮ್ಯೂಸಿಯಂ: ಸಲಹೆಗೆ ಒಂದು ಗುಂಪು, ದುಡ್ಡಿಗೆ ಇನ್ನೊಂದು

ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ. ತಾತನ ಹೆಲ್ಮೆಟ್, ಕಾರ್ಬೈಡ್ ದೀಪ, ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಇಂಥವು ಅಟ್ಟದ ಮೇಲಿಂದ ಸೀದಾ ಗುಜರಿಗೆ ಹೋಗಬಾರದು, ಅಲ್ವಾ? ಇವನ್ನು ಇಡೋಕೆ ನಗರಸಭೆ ಒಂದು ಖಾಲಿ ಕಟ್ಟಡ ಕೊಟ್ಟಿತು ಅಂತಿಟ್ಟುಕೊಳ್ಳಿ. ಮುಂದೆ?

ಮೊದಲು ಕೌನ್ಸಿಲ್‌ನಲ್ಲಿ ನಿರ್ಣಯ ಮಾಡಿಸಿ. ವಸ್ತುಗಳು ಯಾರದ್ದು, ಸಂಬಳ ಮತ್ತು ಕರೆಂಟ್ ಬಿಲ್ ಯಾರ ತಲೆ ಮೇಲೆ, ಸಮಿತಿಯ ಅವಧಿ ಎಷ್ಟು, ಎಲ್ಲ ಬರಹದಲ್ಲಿರಲಿ. ಪೌರಾಯುಕ್ತರಿಗೆ ವರ್ಗ ಆದ ದಿನ ಬಾಯಿಮಾತಿಗೂ ವರ್ಗ ಆಗುತ್ತದೆ.

ಆಮೇಲೆ ಸಲಹಾ ಸಮಿತಿ. ಏಳೆಂಟು ಜನ ಸಾಕು. ಇತಿಹಾಸದ ಮೇಷ್ಟ್ರು, ಲೆಕ್ಕ ಬಲ್ಲವರು ಒಬ್ಬರು, ಒಬ್ಬ ಕೌನ್ಸಿಲರ್. ಆದರೆ ಗಣಿಗೆ ಇಳಿದವರು ಇಬ್ಬರಾದರೂ ಇರಲೇಬೇಕು. ಅಲ್ಲಿ ತಮಿಳು ಮಾತಾಡೋ ಕಾರ್ಮಿಕರೇ ಜಾಸ್ತಿ, ತೆಲುಗಿನವರೂ ಇದ್ದರು. ಅವರನ್ನು ಬಿಟ್ಟು ಸಮಿತಿ ಮಾಡಿದರೆ ಬಿಲ್ಲೆ ಮೇಲಿನ ನಂಬರ್ ಓದಬಹುದು, ಅದು ಕಳೆದುಹೋದ ದಿನ ಏನಾಗುತ್ತಿತ್ತು ಅಂತ ಹೇಳೋರು ಇರಲ್ಲ. ಸಮಿತಿ ಸಲಹೆ ಕೊಡುತ್ತದೆ, ತೀರ್ಮಾನ ನಗರಸಭೆಯದ್ದು.

ಯಾರಾದರೂ ವಸ್ತು ಕೊಟ್ಟರೆ ಸುಮ್ನೆ ತಗೊಳ್ಳಬೇಡಿ. ಒಂದು ಪುಟದ ದಾನಪತ್ರ ಬರೆಸಿ: ಫೋಟೊ, ನಂಬರ್, ಕೊಟ್ಟವರ ಸಹಿ, ಪೂರ್ತಿ ಕೊಟ್ಟಿದ್ದೋ ಸ್ವಲ್ಪ ದಿನಕ್ಕೋ ಅನ್ನೋದು. ಇದಿಲ್ಲದಿದ್ದರೆ ಮೊಮ್ಮಗ ಬಂದು ವಾಪಸ್ ಕೇಳಿದಾಗ ಉತ್ತರ ಇರುವುದಿಲ್ಲ. 100 ವರ್ಷ ದಾಟಿದ ವಿಗ್ರಹ, ಚಿತ್ರಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ಪುರಾತತ್ವ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ.

ಈಗ ದುಡ್ಡು. ನಗರಸಭೆಗೆ ಕೊಟ್ಟ ಹಣ ಅದರ ನಿಧಿಗೆ ಸೇರುತ್ತದೆ, ಗಾಜಿನ ಪೆಟ್ಟಿಗೆಗೆ ಅಂತ ಹೊರಗೆ ತೆಗೆಯೋಕೆ ಫೈಲು ನಾಲ್ಕು ಟೇಬಲ್ ಸುತ್ತಬೇಕು. ಅದಕ್ಕೇ ಬೇರೆ ಸಂಘ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿದರೆ ಆಯಿತು. ಪ್ಯಾನ್ ಮಾಡಿಸಿ, ಇಬ್ಬರ ಸಹಿ ಬೇಕಾದ ಬ್ಯಾಂಕ್ ಖಾತೆ ತೆರೆಯಿರಿ, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ, ಜನ 80ಜಿ ಅಂತಾರಲ್ಲ, ಆ ಅನುಮತಿ ಪಡೆಯಿರಿ. 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ, ಮುಂಚೆಯೇ ಹೇಳಿಬಿಡಿ.

ನರಸಾಪುರ, ಮಾಲೂರಿನ ಕಾರ್ಖಾನೆಗಳ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಖರ್ಚು ಮಾಡೋ ಹಣ, ಅದರ ಮೇಲೆ ಎಲ್ಲರಿಗೂ ಕಣ್ಣು. ಪರಂಪರೆ ಉಳಿಸುವ ಕೆಲಸಕ್ಕೆ ಕಾನೂನಿನಲ್ಲಿ ಜಾಗವೇನೋ ಇದೆ, ಆದರೆ ಇಂಥ ಸಂಘಕ್ಕೆ 3 ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಅಲ್ಲಿವರೆಗೆ ಊರಿನವರನ್ನೇ ಕೇಳಿ. "ಅಭಿವೃದ್ಧಿಗೆ ಕೊಡಿ" ಅಂದರೆ ಯಾರೂ ಕೊಡಲ್ಲ. "ಈ ದೀಪಗಳಿಗೊಂದು ಬೀರು" ಅನ್ನಿ, ಬೆಲೆಯನ್ನೂ ಹೇಳಿ.

ದೊಡ್ಡ ದಾನಿಗೆ ಪ್ರದರ್ಶನದಲ್ಲಿ ಏನಿರಬೇಕು ಅನ್ನೋ ಮಾತು ಬೇಡ, ಹೆಸರಿನ ಫಲಕ ಸಾಕು. ಕೊನೆಗೆ ನಗರಸಭೆ ಮತ್ತು ಸಂಘದ ನಡುವೆ ಒಪ್ಪಂದ ಆಗಲಿ: ಸಂಘ ಕೊಂಡುಕೊಟ್ಟ ವಸ್ತು ಮ್ಯೂಸಿಯಂನದ್ದೇ. ಸಂಘ ಮುಚ್ಚಿದರೂ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ.